ಹಿಂದಿ ಮೇಡಂಗಾಗಿ ಅಜ್ಜಂಪುರದಿಂದ ನಡೆದದ್ದು

ಬಿಸಿಲು ಹೊಡೆದು ಯಾರಾದರೂ ದಾರಿಯಲ್ಲೇ ಕುಸಿದು ಬೀಳಬಹುದಿತ್ತು. ಲಾರಿಯವನು ನಿದ್ದೆಗಣ್ಣಲ್ಲಿ ನಮ್ಮ ಮೇಲೆ ಬರಬಹುದಿತ್ತು. ನಾಯಿ ಕಚ್ಚಬಹುದಿತ್ತು, ಕಚ್ಚಿದರೆ ಹೊಕ್ಕುಳ ಸುತ್ತ ಇಂಜೆಕ್ಷನ್ನು. ಪೊಲೀಸರು ಇದನ್ನು ಮೇಷ್ಟ್ರುಗಳ ಮುಷ್ಕರವೆಂದು ತಿಳಿದು ವ್ಯಾನಿಗೆ ತುಂಬಬಹುದಿತ್ತು. ಕುಡಿಯಲು ನೀರು ಸಿಗದೆ ಹೋಗಬಹುದಿತ್ತು, ಸಿಕ್ಕ ನೀರಿನಿಂದ ಭೇದಿಯಾಗಬಹುದಿತ್ತು. ಜೇನು ಏಳಬಹುದಿತ್ತು. ಯಾರೂ ಏನೂ ಹಾಕದೆ, ಖಾಲಿ ಡಬ್ಬಿ ಅಲ್ಲಾಡಿಸಿಕೊಂಡು ಊರಿಗೆ ಬಂದು ಮುಖ ತೋರಿಸಬೇಕಾಗಬಹುದಿತ್ತು.

ಹೊರಡುವ ಹಿಂದಿನ ದಿನ ಇದನ್ನೆಲ್ಲ ನನ್ನ ಹೆಂಡತಿಗೆ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

“ಮನೇಲಿದ್ರೆ ತಲೆ ಮೇಲೆ ಹೆಂಚು ಬೀಳಬಹುದು. ಹೋಗ್ಬನ್ನಿ,” ಅಂದಳು.

ಎಂಬತ್ತರ ದಶಕ ಅರ್ಧ ಕಳೆದಿತ್ತು, ನನ್ನ ತಲೆಗೂದಲೂ ಅಷ್ಟೇ ಕಳೆದಿತ್ತು. ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ನಮ್ಮ ಹಿಂದಿ ಮೇಡಂ ಮನೆಯಲ್ಲಿ ದಖನಿ ಮಾತಾಡುವವರು, ತರಗತಿಯಲ್ಲಿ ಹಿಂದಿ, ನಮ್ಮನ್ನು ತರಾಟೆಗೆ ತೆಗೆದುಕೊಳ್ಳಲು ಮಾತ್ರ ಅಚ್ಚ ಕನ್ನಡ. ಅವರಿಗೆ ಮೊದಲು ಒಂದು ಕಣ್ಣು ಮಂಜಾಯಿತು, ತಾನಾಗಿ ಸರಿಹೋಯಿತು. ಆಮೇಲೆ ಕಾಲು ಜೋಮು ಹಿಡಿಯತೊಡಗಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಆ ಹೆಸರು ಸ್ಟಾಫ್ ರೂಮಿನಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ. ಕೊನೆಗೆ ಮೇಡಂ ಅವರೇ ಬಿಡಿಸಿ ಹೇಳಿದರು: “ನರದ ಮೇಲಿನ ಹೊದಿಕೆ ಅಲ್ಲಲ್ಲಿ ಕಿತ್ತೋಗುತ್ತೆ ಕಣ್ರೀ. ವೈರಿನ ಮೇಲಿನ ರಬ್ಬರ್ ಕಿತ್ತೋದ್ರೆ ಬಲ್ಬು ಒಂದ್ಸಲ ಹತ್ತುತ್ತೆ, ಒಂದ್ಸಲ ಇಲ್ಲ. ಹಂಗೆ ನಾನು.”

ಕಷ್ಟವಾದದ್ದು ಅದರಿಂದಲೇ. ಅವರ ತರಗತಿ ಮಹಡಿಯ ಮೇಲಿತ್ತು. ಶಾಲೆಯ ಅಧ್ಯಕ್ಷರು ಕೊಬ್ಬರಿ ವ್ಯಾಪಾರಿ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವರು. ಅವರು ಬರುತ್ತಿದ್ದದ್ದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ಆಗ ಮೇಡಂ ಚೆನ್ನಾಗಿಯೇ ಇರುತ್ತಿದ್ದರು.

“ಬೆಳಿಗ್ಗೆ ನಡೀತಾರೆ, ಮಧ್ಯಾಹ್ನ ಮೆಟ್ಟಿಲು ಹತ್ತಲ್ಲ ಅಂತಾರೆ. ಇದ್ಯಾವ ಸೀಮೆ ಕಾಯಿಲೆ ಮೇಷ್ಟ್ರೇ? ಜೂನ್‌ನಿಂದ ಹತ್ತೋದಾದ್ರೆ ಕೆಲಸ. ಇಲ್ದಿದ್ರೆ ಬೇರೆಯೋರನ್ನ ನೋಡ್ಕೋತೀವಿ,” ಅಂದುಬಿಟ್ಟರು.

ಹೊರದೇಶಗಳಲ್ಲಿ ಈ ಕಾಯಿಲೆಯವರಿಗಾಗಿ ಜನ ನಡೆದು ಹಣ ಕೂಡಿಸುತ್ತಾರೆಂದು ಆಸ್ಪತ್ರೆಯ ಡಾಕ್ಟರು ಮೇಡಂಗೆ ಹೇಳಿದ್ದರಂತೆ. ಅದನ್ನು ಹಿಡಿದುಕೊಂಡವರು ನಮ್ಮ ಪಿ.ಟಿ. ಮೇಷ್ಟ್ರು. ಒಂದು ಭಾನುವಾರ ನಾವು ಮೇಷ್ಟ್ರುಗಳು ಚಂದಾ ಡಬ್ಬಿ ಹಿಡಿದು ಅಜ್ಜಂಪುರದಿಂದ ತರೀಕೆರೆಗೆ ನಡೆಯುವುದು. ಬಂದ ಹಣದಲ್ಲಿ ಮೇಡಂಗೆ ಒಂದು ಗಾಲಿಕುರ್ಚಿ, ಅದೇ ಆಸ್ಪತ್ರೆಯಲ್ಲಿ ಅವರಿಗೆ ಪರಿಚಯವಾಗಿದ್ದ ಕಡೂರಿನ ಟೈಲರ್ ಒಬ್ಬರಿಗೆ ಇನ್ನೊಂದು. ಬಿಸಿಲು ನೆತ್ತಿಗೇರುವ ಮೊದಲೇ ನಾವು ಶಾಲೆ ಮುಟ್ಟಬೇಕು, ಅಲ್ಲಿ ಶಾಮಿಯಾನದ ಕೆಳಗೆ ಮೇಡಂ ತಮ್ಮ ಕಾಯಿಲೆಯ ಬಗ್ಗೆ ನಾಲ್ಕು ಮಾತಾಡಬೇಕು, ಅಧ್ಯಕ್ಷರು ಕೇಳಬೇಕು. ಬೇಗ ಮುಟ್ಟುವುದು ಮುಖ್ಯ. ಬಿಸಿಲು ಏರಿದಷ್ಟೂ ಮೇಡಂ ಶಕ್ತಿ ಇಳಿಯುತ್ತಿತ್ತು.

ಶಿವರಾತ್ರಿ ಕಳೆದಿತ್ತು. ಇನ್ನೂ ಬೆಳಕು ಹರಿಯುವಾಗ ಅಜ್ಜಂಪುರ ಬಿಟ್ಟೆವು. ನಡಿಗೆಗೆಂದೇ ಕೊಂಡ ನನ್ನ ಕ್ಯಾನ್ವಾಸ್ ಬೂಟು ಮೊದಲ ಊರು ಬರುವಷ್ಟರಲ್ಲಿ ಎರಡೂ ಹಿಮ್ಮಡಿ ಕಚ್ಚಿತು. ಬಿಚ್ಚಿ ಕೈಚೀಲಕ್ಕೆ ಹಾಕಿದೆ. ಉಳಿದವರೆಲ್ಲ ಪ್ಯಾಂಟು, ಚಪ್ಪಲಿ. ನಾನೊಬ್ಬ ಬಿಳಿ ಪಂಚೆ, ಬರಿಗಾಲು, ಬಿಸಿಲಿಗೆಂದು ತಲೆಗೆ ಸುತ್ತಿದ ಟವಲ್ಲು. ಹರಕೆ ಹೊತ್ತು ಮಠಕ್ಕೆ ನಡೆಯುವವರು ಹೇಗಿರುತ್ತಾರೋ ಅದಕ್ಕೆ ಒಂದು ಕೂದಲೂ ಕಡಿಮೆ ಇರಲಿಲ್ಲ.

ಒಬ್ಬ ಅಜ್ಜಿ ಚೊಂಬು ಹಿಡಿದು ಬಂದು ನನ್ನ ಕಾಲಿಗೆ ನೀರು ಹುಯ್ದಳು. ಗುಳ್ಳೆಗಳು ಚುರ್ ಎಂದವು.

“ಯಾವ ಮಠಕ್ಕೆ ಹೊಂಟ್ರಿ ಸಾಮಿ?”

“ಮಠಕ್ಕಲ್ಲ ಕಣಜ್ಜಿ. ತರೀಕೆರೆ ಸ್ಕೂಲಿಗೆ.”

“ಸ್ಕೂಲಿಗೆ ಯಾರಾನಾ ನಡ್ಕಂಡು ಹೋಗ್ತಾರಾ? ಬಸ್ಸೈತಲ್ಲ!”

“ನಮ್ಮ ಮೇಡಂ ಒಬ್ರಿಗೆ ಕಾಲು ಸ್ವಾಧೀನ ಇಲ್ಲ. ಅವ್ರಿಗೋಸ್ಕರ ನಡೀತಿದೀವಿ.”

“ನೀವು ನಡುದ್ರೆ ಅವ್ರ ಕಾಲು ಬತ್ತದಾ?”

“ಬರಲ್ಲ ಕಣಜ್ಜಿ. ಆದ್ರೂ ನಡೀತಿದೀವಿ.”

“ಅದಕ್ಕೆ ಹರಕೆ ಅನ್ನೋದು ಕಣಪ್ಪಾ,” ಎಂದು ಅಜ್ಜಿ ಕಾಲಿಗೆ ಬಿದ್ದಳು. ನಾನು ಹಿಂದಕ್ಕೆ ಹಾರಿ ಸಗಣಿ ತುಳಿದೆ. ಅದನ್ನೂ ತೊಳೆದಳು.

ಹರಕೆ ಹೊತ್ತು ನಡೆಯುವವರನ್ನು ಈ ಸೀಮೆಯಲ್ಲಿ ಹಾಗೇ ಕಳಿಸುವುದಿಲ್ಲ. ಕಾಲಿಗೆ ನೀರು, ಹೊಟ್ಟೆಗೆ ಏನಾದರೂ ಕೊಡಲೇಬೇಕು. ಅಷ್ಟರಲ್ಲಿ ನಮ್ಮನ್ನು ದಾಟಿ ಹೋದ ಬಸ್ಸಿನ ಕಂಡಕ್ಟರ್ ದಾರಿಯುದ್ದಕ್ಕೂ ಪಾದಯಾತ್ರೆ ಬರುತ್ತಿದೆಯೆಂದು ಸಾರಿಕೊಂಡು ಹೋಗಿದ್ದ. ಮುಂದಿನ ಊರಲ್ಲಿ ಪಾನಕ, ಕೋಸಂಬರಿ. ಅದರಾಚೆ ಉಪ್ಪಿಟ್ಟು. ಡಬ್ಬಿಗೆ ಕಾಸೇನೋ ಬಿತ್ತು, ಜೊತೆಗೆ ಯಾರೋ ಮುಚ್ಚಳ ತೆಗೆದು ಬೆಲ್ಲದಚ್ಚನ್ನೂ ಇಟ್ಟರು. ನಾನು ಪ್ರತಿ ಊರಲ್ಲೂ ನರ, ಹೊದಿಕೆ, ವೈರು ಎಂದು ಬಿಡಿಸಿ ಹೇಳಲು ಹೋದೆ.

“ಪಾಠ ಸೋಮವಾರ ಮಾಡೀರಂತೆ ಸಾರ್,” ಎಂದು ಪಿ.ಟಿ. ಮೇಷ್ಟ್ರು ಕಿವಿಯಲ್ಲಿ ಹೇಳಿದರು. “ಬೇಗ ಆಶೀರ್ವಾದ ಮಾಡಿ. ಮುಂದಿನೂರಲ್ಲಿ ಎಲೆ ಹಾಕವ್ರಂತೆ.”

ಎಲೆ ಹಾಕಿದ್ದರು. ಪಾಯಸವಿತ್ತು. ಬೇಡವೆಂದು ನಾನು ಕೈ ಅಡ್ಡ ಹಿಡಿದೆ. ಸಾಮಿಗಳಿಗೆ ಸಂಕೋಚ ಎಂದು ಎರಡು ಸಲ ಬಡಿಸಿದರು.

ತರೀಕೆರೆ ಮುಟ್ಟಿದಾಗ ಬಿಸಿಲು ನೆತ್ತಿಯಿಂದ ಇಳಿದಾಗಿತ್ತು. ಶಾಮಿಯಾನ ಅರ್ಧ ಖಾಲಿ. ಮೇಡಂ ಕುರ್ಚಿಯಲ್ಲಿ ಒರಗಿದ್ದರು, ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಪಕ್ಕದಲ್ಲಿ ಅಧ್ಯಕ್ಷರು ನೀರಿನ ಲೋಟವನ್ನು ಅವರ ತುಟಿಗೆ ಹಿಡಿದು ನಿಂತಿದ್ದರು. ನಾನು ಬಾಯಂಚಿನ ಪಾಯಸವನ್ನು ಟವಲ್ಲಿನಿಂದ ಒರೆಸಿಕೊಂಡೆ.

“ಇದೇನ್ರೀ ಬರೋ ಹೊತ್ತಾ?” ಅಧ್ಯಕ್ಷರು ನನ್ನ ಮೇಲೆ ಹರಿಹಾಯ್ದರು. “ಬೆಳಿಗ್ಗೆ ಆಟೋ ಇಳಿದು ತಾವೇ ನಡ್ಕೊಂಡು ಬಂದ್ರು, ನಾನೇ ಕಣ್ಣಾರೆ ನೋಡ್ದೆ. ಈಗ ನೋಡಿ! ಒಂದು ಲೋಟ ಹಿಡಿಯೋಕಾಗ್ತಿಲ್ಲ!”

ಮೇಡಂ ತಲೆಯೆತ್ತಿದರು. ಮಾತು ತೊದಲುತ್ತಿತ್ತು.

“ಅದನ್ನೇ ಅಲ್ವಾ ಸಾರ್... ನಾನು ವರ್ಷದಿಂದ ಹೇಳ್ತಿರೋದು?”

ಅಧ್ಯಕ್ಷರು ಲೋಟ ನೋಡಿದರು, ಮೇಡಂ ಕೈ ನೋಡಿದರು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ, “ಜೂನ್‌ಗೆ ಕೆಳಗಡೆ ಒಂದು ರೂಮು ಬಿಡಿಸ್ರೀ ಇವ್ರಿಗೆ,” ಅಂದರು.

ಡಬ್ಬಿಯ ಹಣದಲ್ಲಿ ಗಾಲಿಕುರ್ಚಿಗಳೆರಡೂ ಬಂದವು. ಕಡೂರಿನ ಟೈಲರ್ ತಮ್ಮದಕ್ಕೆ ಹೂವಿನ ಬಟ್ಟೆಯ ದಿಂಬು ಹೊಲಿದುಕೊಂಡರು. ಯಾರಿಗೂ ಬಿಸಿಲು ಹೊಡೆಯಲಿಲ್ಲ, ಜೇನು ಏಳಲಿಲ್ಲ, ಪೊಲೀಸರು ನಮ್ಮತ್ತ ತಿರುಗಿಯೂ ನೋಡಲಿಲ್ಲ. ಜೂನ್ ಬಂತು. ಕೆಳಗಡೆ ಬಿಡಿಸಬಹುದಾದ ರೂಮು ಇದ್ದದ್ದು ಒಂದೇ, ನನ್ನದು: ಕಿಟಕಿಯಾಚೆ ಬೇವಿನ ನೆರಳು, ಪಕ್ಕದಲ್ಲೇ ಸ್ಟಾಫ್ ರೂಮಿನ ಟೀ. ಅಷ್ಟೆಲ್ಲ ಯೋಚಿಸಿದ ತಲೆಗೆ ಇದೊಂದು ಹೊಳೆದಿರಲಿಲ್ಲ. ಅಂದಿನಿಂದ ಮಹಡಿಯ ತಗಡಿನ ಮಾಡಿನ ಕೆಳಗೆ ನಾನು ಬೀಜಗಣಿತ ಬೇಯಿಸುತ್ತಿದ್ದೇನೆ. ಮಧ್ಯಾಹ್ನ ಅರ್ಧ ಮೆಟ್ಟಿಲಲ್ಲಿ ನಿಂತು ಏದುಸಿರು ಬಿಡುವಾಗ ಕೆಳಗಿನ ಕಿಟಕಿಯಿಂದ ದನಿ ಬರುತ್ತದೆ: “ಮೇಷ್ಟ್ರೇ, ನಿಮ್ಮ ಕ್ಲಾಸು ಗಲಾಟೆ. ಬೇಗ ಹತ್ರೀ, ನಂಗೆ ಪಾಠ ಮಾಡೋಕಾಗ್ತಿಲ್ಲ.”