ಎಂಜಿನ್ ತಣ್ಣಗಾಗುವವರೆಗೂ ಕಾಯುವ ವರ್ನಾ

ಭಾನುವಾರ ಬೆಳಗಿನ ಐದೂಮುಕ್ಕಾಲಿಗೇ ಟಾಮರ್ಯಾಕ್ ರೇಸ್ ಟ್ರ್ಯಾಕಿನ ತಪಾಸಣೆ ಶೆಡ್ಡಿನ ಬಾಗಿಲು ತೆರೆದಿದೆ. ಹೊರಗೆ ಆಲೂಗಡ್ಡೆ ಹೊಲಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಒಳಗೆ ಎರಡು ಎಂಜಿನ್‌ಗಳು ಚೈನ್ ಬ್ಲಾಕ್‌ಗೆ ನೇತಾಡುತ್ತಿವೆ. ಅವೆರಡರ ನಡುವೆ ಕೈಯಲ್ಲಿ ಟಾರ್ಚು ಹಿಡಿದು, ಬಾಯಲ್ಲಿ ಪೆನ್ಸಿಲು ಕಚ್ಚಿಕೊಂಡು ವರ್ನಾ ಕ್ಲೆಮೆನ್ಸ್ಕಿ ನಿಂತಿದ್ದಾರೆ. ವಯಸ್ಸು ಅರವತ್ತಮೂರು. ಮೊಣಕಾಲು ನೋವಿದೆ, ಆದರೆ ಕೂರುವ ಜಾಯಮಾನ ಅವರದಲ್ಲ.

"ನಿಧಾನ ಕಣೋ ರೋಲಿ! ಎಂಜಿನ್ನು ಅದು, ಆಲೂಗಡ್ಡೆ ಮೂಟೆ ಅಲ್ಲ!"

"ನಂಗೇ ಹೇಳ್ಕೊಡ್ತೀಯಾ ವರ್ನಾ? ಮೂವತ್ತು ವರ್ಷದಿಂದ ಇದೇ ಮಾಡ್ತಿದೀನಿ."

"ಗೊತ್ತು. ಮೂವತ್ತು ವರ್ಷದಿಂದ ಹೀಗೇ ಗೋಡೆಗೆ ಗುದ್ದಿಸ್ತಾ ಇದೀಯ."

ಪಕ್ಕದ ಕಾರಿನ ಬಾನೆಟ್ಟಿನೊಳಗಿಂದ ಡೆಲ್ಲಾ ಮಾಥೀಸನ್ ಕಿಸಕ್ಕನೆ ನಗುತ್ತಾಳೆ. ಇಪ್ಪತ್ತಾರರ ಹುಡುಗಿ, ವಾರವೆಲ್ಲ ಹಾಲಿನ ಟ್ಯಾಂಕರ್ ಓಡಿಸುತ್ತಾಳೆ. ರೋಲಿ ಗ್ರುಂಡ್ಮನ್‌ಗೆ ಐವತ್ತೆರಡು. ಜಲ್ಲಿ ಲಾರಿಗಳ ಮಾಲೀಕ, ಟಾಮರ್ಯಾಕ್ ಟ್ರ್ಯಾಕಿನಲ್ಲಿ ಮೂರು ಸಲ ಚಾಂಪಿಯನ್. ಡೆಲ್ಲಾಳ ಕಾರಿನಿಂದ ತೆಗೆದ ಎಂಜಿನ್ ಈಗ ರೋಲಿಯ ಕಾರಿಗೆ ಹೋಗುತ್ತಿದೆ, ರೋಲಿಯದು ಡೆಲ್ಲಾಳ ಕಾರಿಗೆ.

ಇದೇನು ಹುಚ್ಚಾಟ ಅಂದಿರಾ? ಹುಚ್ಚಾಟವಲ್ಲ, ನಿಯಮ. ಅದೂ ವರ್ನಾ ಅವರೇ ಹಟ ಹಿಡಿದು ತಂದ ನಿಯಮ. ಗೆದ್ದವರ ಎಂಜಿನ್ ಮೇಲೆ ಯಾರದಾದರೂ ಕಣ್ಣು ಬಿದ್ದರೆ, ರೇಸ್ ಮುಗಿದ ಐದು ನಿಮಿಷದೊಳಗೆ ಈ ಶೆಡ್ಡಿಗೆ ಬಂದು "ನನಗದು ಬೇಕು" ಅನ್ನಬಹುದು. ಐನೂರು ಡಾಲರ್ ಇಟ್ಟು, ತನ್ನ ಎಂಜಿನ್ ಬಿಚ್ಚಿಕೊಟ್ಟು, ಅದನ್ನು ಒಯ್ಯಬಹುದು. ಗೆದ್ದವರು ಕೊಡುವುದಿಲ್ಲ ಎಂದರೆ ಆ ದಿನದ ಗೆಲುವೇ ರದ್ದು. ನಾಳೆ ಬೇರೆಯವರ ಪಾಲಾಗಬಹುದಾದ ಎಂಜಿನ್ನಿಗೆ ಯಾರು ತಾನೇ ಎಂಟು ಸಾವಿರ ಸುರಿಯುತ್ತಾರೆ?

ನಿನ್ನೆ, ಶನಿವಾರ, ಋತುವಿನ ಕೊನೆಯ ಎರಡು ದಿನದ ಪಂದ್ಯದಲ್ಲಿ ಮೊದಲ ದಿನ. ಡೆಲ್ಲಾ ಗೆದ್ದಳು, ರೋಲಿ ಎರಡನೆಯವನಾದ. ರೋಲಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. "ಅಳತೆ ಸರಿ ಇರಬೋದು, ಒಳಗೆ ಏನೋ ಇದೆ. ಹಾಲಿನ ಗಾಡಿ ಹುಡುಗಿ ನನ್ನನ್ನ ಹಿಂದೆ ಹಾಕೋದು ಅಂದ್ರೇನು?" ಎಂದು ಹೆಲ್ಮೆಟ್ ತೆಗೆಯದೆಯೇ ಶೆಡ್ಡಿಗೆ ಬಂದು ಐನೂರು ಡಾಲರ್ ಇಟ್ಟ. ಶೆಡ್ಡಿನ ಸುತ್ತ ಜನ ಸೇರಿದರು. ಆರು ತಿಂಗಳು ಡೆಲ್ಲಾ ಅಪ್ಪನ ಕೊಟ್ಟಿಗೆಯಲ್ಲಿ ಕೂತು ಕಟ್ಟಿದ ಎಂಜಿನ್ ಅದು. ಬಾನೆಟ್ಟನ್ನು ಒಂದು ಸಲ ತಟ್ಟಿದಳು. ಆಮೇಲೆ, "ತಗೊಂಡ್ಹೋಗಿ. ನಿಮ್ದು ನನಗೆ ಬರತ್ತಲ್ಲ, ಅದರಲ್ಲೇ ನಿಮ್ಮನ್ನ ಹಿಂದೆ ಹಾಕ್ತೀನಿ" ಅಂದಳು.

ಜನ ಶಿಳ್ಳೆ ಹೊಡೆದರು. ಎಂಜಿನ್ ತಣಿದ ಮೇಲೆ ವರ್ನಾ ಪ್ರತಿ ಸಲದಂತೆ ಅದನ್ನು ಅಳೆದರು, ಎಲ್ಲ ಸರಿಯಿತ್ತು. ಆದರೂ ಅವರಿಗೆ ದಿಗಿಲು. ಅದಕ್ಕೆ ಕಾರಣವಿದೆ.

ಟ್ರ್ಯಾಕಿನ ಮಾಲೀಕ ಹಾರ್ಲನ್ ಪ್ರೆಸ್ಕಾಟ್ ಕೆಟ್ಟವನಲ್ಲ, ಜಗಳ ಕೇಳಿ ಕೇಳಿ ದಣಿದವನು. ಕಳೆದ ವಾರ ಎಲ್ಲರ ಎದುರು ಖಡಾಖಂಡಿತ ಹೇಳಿದ್ದಾನೆ: "ಈ ಎರಡು ದಿನದಲ್ಲಿ ಎಂಜಿನ್ ವಿಷಯಕ್ಕೆ ಇನ್ನೊಂದು ರಾದ್ಧಾಂತ ಆದ್ರೆ ಮುಗೀತು. ಮುಂದಿನ ವರ್ಷದಿಂದ ಎಲ್ರೂ ಕಾರ್ಖಾನೆಯಲ್ಲೇ ಸೀಲ್ ಮಾಡಿದ ಹೊಸ ಎಂಜಿನ್ ತರಬೇಕು. ಬಿಚ್ಚೋದೂ ಬೇಡ, ಅಳೆಯೋದೂ ಬೇಡ." ಅಂಥ ಒಂದು ಎಂಜಿನ್ನಿಗೆ ಆರು ಸಾವಿರ ಡಾಲರ್ ಮೇಲೆ. ಇಲ್ಲಿ ಓಡುವ ಇಪ್ಪತ್ತನಾಲ್ಕು ಕಾರುಗಳ ಎಂಜಿನ್‌ಗಳೆಲ್ಲ ಗುಜರಿ ಅಂಗಡಿಯಿಂದ ತಂದು ಮನೆಯಲ್ಲಿ ಜೋಡಿಸಿದವು.

"ಏಳು ಜನ ತರಬಹುದು," ಎನ್ನುತ್ತಾರೆ ವರ್ನಾ, ಡೆಲ್ಲಾಳ ಕಾರಿನೊಳಗೆ ಇಳಿಯುತ್ತಿರುವ ಎಂಜಿನ್ನನ್ನು ಅಂಗೈಯಿಂದ ಆನಿಸಿಕೊಂಡು. "ಮಿಕ್ಕ ಹದಿನೇಳು ಜನ ವಾರದ ಕೊನೇಲಿ ಮನೇಲಿ ಹುಲ್ಲು ಕತ್ತರಿಸ್ತಾ ಇರಬೇಕಾಗತ್ತೆ. ಏಳು ಕಾರಿನ ರೇಸನ್ನ ಯಾರ್ರೀ ನೋಡ್ತಾರೆ?"

ಎಂಜಿನ್ ಕೂತಿತು. ರೋಲಿ ಕಟ್ಟಿದ ಈ ಎಂಜಿನ್ ನಿಜಕ್ಕೂ ಗಾತ್ರದ ಮಿತಿಯೊಳಗೆ ಇದೆಯೇ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಆದರೆ ಗೆಲ್ಲದ ಎಂಜಿನ್ನನ್ನು ಅಳೆಯುವಂತಿಲ್ಲ. ಅದೂ ನಿಯಮ. "ಕೈ ತುರಿಸ್ತಾ ಇದೆ," ಎಂದು ವರ್ನಾ ಒಪ್ಪಿಕೊಳ್ಳುತ್ತಾರೆ. ಆಮೇಲೆ ಎರಡೂ ಎಂಜಿನ್‌ಗಳ ಬೋಲ್ಟುಗಳಿಗೆ ಯಾರೂ ಬಿಚ್ಚದಂತೆ ತಂತಿ ಬಿಗಿದು ಸೀಸದ ಮುದ್ರೆ ಒತ್ತುತ್ತಾರೆ.

ವರ್ನಾ ವಾರದ ಐದು ದಿನ ಶಾಲಾ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್. ಅಪ್ಪನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದೇ ಬೆಳೆದವರು. ಈ ಶೆಡ್ಡಿಗೆ ಬಂದು ಇಪ್ಪತ್ತೆರಡು ವರ್ಷ. ಬಂದ ಹೊಸದರಲ್ಲಿ ಗಂಡಸರು ಬಾನೆಟ್ ಎತ್ತುವ ಮೊದಲು, "ನಿನ್ನ ಯಜಮಾನ್ರು ಎಲ್ಲಮ್ಮಾ?" ಎಂದು ಕೇಳುತ್ತಿದ್ದರಂತೆ. "ಮನೇಲಿ ಪಾತ್ರೆ ತೊಳೀತಿದಾರೆ, ನೀವು ಮೊದಲು ಆ ಕಾರ್ಬ್ಯುರೇಟರ್ ಬಿಚ್ಚಿ" ಎನ್ನುವುದು ಇವರ ಉತ್ತರ. ರೇಸಿನ ದಿನಕ್ಕೆ ತೊಂಬತ್ತು ಡಾಲರ್, ಒಂದು ಊಟ. ಒಂದೊಂದು ಕಾರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತನಾಲ್ಕು ಕಾರುಗಳ ತೂಕ, ಕಾರ್ಬ್ಯುರೇಟರ್, ಟೈರು ನೋಡಬೇಕು. ರೇಸಿನ ನಂತರ ಗೆದ್ದ ಎಂಜಿನ್ ಬಿಚ್ಚಬೇಕು. ಎಡ ಮುಂಗೈ ಮೇಲೆ ಸೈಲೆನ್ಸರ್ ಸುಟ್ಟ ಕಲೆಗಳಿಗೆ ಲೆಕ್ಕವಿಲ್ಲ.

ಹದಿನೈದು ವರ್ಷದ ಹಿಂದೆ ಇಲ್ಲಿ ಒಂಬತ್ತೇ ಕಾರು ಉಳಿದಿದ್ದವು. ಒಬ್ಬ ದುಬಾರಿ ಎಂಜಿನ್ ತಂದ, ಅವನನ್ನು ನೋಡಿ ಇನ್ನೊಬ್ಬ ತಂದ, ಉಳಿದವರು ಬೇಸತ್ತು ಮನೆಯಲ್ಲಿ ಕೂತರು. ಆಗ ವರ್ನಾ ತಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೂವರೆ ಪುಟದ ನಿಯಮ ಬರೆದರು. ಎಲ್ಲರಿಗೂ ಒಂದೇ ಥರದ ಕಾರ್ಬ್ಯುರೇಟರ್, ಸಿಲಿಂಡರಿನ ಮೇಲೆ ಕಬ್ಬಿಣದ ಹೆಡ್ಡು, ಒಳಗಾತ್ರ ಮುನ್ನೂರ ಅರವತ್ತೊಂದು ಘನ ಅಂಗುಲ ಮೀರದ ಎಂಜಿನ್, ಜೊತೆಗೆ ಈ ಅದಲುಬದಲು. ಆವತ್ತಿನಿಂದ ಕಾರುಗಳು ಒಂದೊಂದಾಗಿ ಮರಳಿ ಬಂದವು.

ಆಮೇಲೆ ಬಿಟ್ಟುಹೋದ ಒಬ್ಬ ಮಾತ್ರ ಮರಳಿ ಬರಲಿಲ್ಲ. ಆ ವಿಷಯ ಹೇಳುವಾಗ ವರ್ನಾ ಟಾರ್ಚನ್ನು ಆರಿಸಿ ಹೊತ್ತಿಸಿ ಮಾಡುತ್ತಾರೆ. ಹನ್ನೊಂದು ವರ್ಷದ ಹಿಂದೆ ಎಲ್ವಿನ್ ಎಂಬಾತ ಜೀವನದ ಮೊದಲ ರೇಸ್ ಗೆದ್ದ. ಜನ ಗಲಾಟೆ ಮಾಡುತ್ತಿದ್ದರು, ಬೇಗ ಬೇಗ ಅನ್ನುತ್ತಿದ್ದರು. ಎಂಜಿನ್ ಕಾದ ಹೆಂಚಿನಂತಿದ್ದಾಗಲೇ ವರ್ನಾ ಅಳೆದರು. ಮುನ್ನೂರ ಅರವತ್ತೊಂದು ಪಾಯಿಂಟ್ ನಾಲ್ಕು! ಅನರ್ಹ ಎಂದು ಸಾರಿದರು. ಯಾಕೋ ಸಮಾಧಾನವಾಗದೆ ಮರುದಿನ ಬೆಳಗ್ಗೆ ಶೆಡ್ಡಿನಲ್ಲೇ ಉಳಿದಿದ್ದ ಅದನ್ನೇ ಮತ್ತೆ ಅಳೆದರೆ, ಮುನ್ನೂರ ಅರವತ್ತು ಪಾಯಿಂಟ್ ಏಳು.

"ಬಿಸಿಗೆ ಕಬ್ಬಿಣ ಉಬ್ಬತ್ತೆ ಅಂತ ನಮ್ಮಪ್ಪ ನನಗೆ ಎಂಟು ವರ್ಷ ಇದ್ದಾಗಲೇ ಹೇಳ್ಕೊಟ್ಟಿದ್ರು. ಗೊತ್ತಿದ್ದೂ ಗೊತ್ತಿದ್ದೂ ಮಾಡ್ಬಿಟ್ಟೆ. ಅವನಿಗೆ ಸಿಗಬೇಕಿದ್ದ ಕಪ್ಪು ಹಿಡ್ಕೊಂಡು ಮನೆಗೆ ಹೋದೆ, ತಪ್ಪಾಯ್ತು ಅಂದೆ. ಕಾಫಿ ಕೊಟ್ಟ. ಒಂದು ಕೆಟ್ಟ ಮಾತು ಆಡಲಿಲ್ಲ ಪುಣ್ಯಾತ್ಮ. ಆದ್ರೆ ಕಾರನ್ನ ಅಷ್ಟು ಹೊತ್ತಿಗಾಗ್ಲೇ ಮಾರಿಬಿಟ್ಟಿದ್ದ."

ಆವತ್ತಿನಿಂದ ಎಂಜಿನ್ ತಣ್ಣಗಾಗದೆ ವರ್ನಾ ಅಳೆಯುವುದಿಲ್ಲ. ಆಕಾಶವೇ ಕಳಚಿ ಬೀಳಲಿ, ಅಳೆಯುವುದಿಲ್ಲ.

ಮಧ್ಯಾಹ್ನ ಎರಡು ಗಂಟೆ. ಗ್ಯಾಲರಿ ಕಿಕ್ಕಿರಿದಿದೆ. ಎಂಜಿನ್ ಅದಲುಬದಲಾದ ಸುದ್ದಿ ಮೂರು ಊರಿಗೆ ಹಬ್ಬಿ, ಎಂದೂ ಬಾರದವರೂ ಬಂದಿದ್ದಾರೆ. ಕರಿದ ಚೀಸಿನ ಅಂಗಡಿ ಮುಂದೆ ಸಾಲು ಗೇಟಿನವರೆಗೆ. ನಿನ್ನೆ ಮುಂದಿದ್ದವರು ಇವತ್ತು ಸಾಲಿನ ನಡುವಿನಿಂದ ಹೊರಡಬೇಕು, ಹಾಗಾಗಿ ಡೆಲ್ಲಾ ಹದಿನಾಲ್ಕನೆಯವಳು. ರೋಲಿ ಹದಿಮೂರನೆಯವನು, ಸರಿಯಾಗಿ ಅವಳ ಮುಂದೆ. ಹಸಿರು ಬಾವುಟ ಬಿತ್ತು ನೋಡಿ, ಇಪ್ಪತ್ತನಾಲ್ಕು ಕಾರುಗಳ ಸದ್ದಿಗೆ ಶೆಡ್ಡಿನ ತಗಡು ಗಡಗಡ ನಡುಗುತ್ತದೆ! ವರ್ನಾ ಬಕೆಟ್ಟು ಕವುಚಿ ಅದರ ಮೇಲೆ ಹತ್ತಿ ನಿಂತಿದ್ದಾರೆ.

ಹತ್ತು ಸುತ್ತಿಗೆ ರೋಲಿ ಎಂಟನೆಯವನು, ಡೆಲ್ಲಾ ಒಂಬತ್ತು. ಇಪ್ಪತ್ತಕ್ಕೆ ಐದು, ಆರು. ಒಬ್ಬರ ಬಾಲಕ್ಕೆ ಒಬ್ಬರು ಅಂಟಿಕೊಂಡವರಂತೆ ಇಬ್ಬರೂ ಮುಂದೆ ಮುಂದೆ ಬರುತ್ತಿದ್ದಾರೆ. ಮೂವತ್ತನೆಯ ಸುತ್ತಿನಲ್ಲಿ ಒಂದು, ಎರಡು! ಗ್ಯಾಲರಿಯಲ್ಲಿ ಕೂತವರು ಒಬ್ಬರಿಲ್ಲ. ರೋಲಿ ಒಳದಾರಿ ಬಿಟ್ಟುಕೊಡುವುದಿಲ್ಲ. ಡೆಲ್ಲಾ ಹೊರಗಿನಿಂದ ನುಗ್ಗುತ್ತಾಳೆ, ಗೋಡೆಗೆ ಒಂದು ಗೇಣು ಉಳಿದಿದೆ, ಮತ್ತೆ ಹಿಂದೆ ಸರಿಯುತ್ತಾಳೆ. "ತಾಳು ಮಗಾ, ತಾಳು, ಅವನ ಟೈರು ಸುಸ್ತಾಗ್ಲಿ," ಎಂದು ಯಾರ ಪಕ್ಷವೂ ವಹಿಸಬಾರದ ವರ್ನಾ ಗೊಣಗಿ, ಯಾರಾದರೂ ಕೇಳಿಸಿಕೊಂಡರೋ ಎಂದು ಅತ್ತಿತ್ತ ನೋಡುತ್ತಾರೆ. ನಲವತ್ತನೆಯ ಸುತ್ತು, ಕೊನೆಯ ತಿರುವು. ರೋಲಿಯ ಕಾರು ಒಂದು ಅಡಿ ಜಾರಿತು, ಅಷ್ಟು ಸಾಕಾಯಿತು ಅವಳಿಗೆ. ಅರ್ಧ ಕಾರಿನ ಅಂತರದಲ್ಲಿ ಡೆಲ್ಲಾ!

ಈಗ ಶುರು ರಾದ್ಧಾಂತ ಎಂದು ಹಾರ್ಲನ್ ಓಡಿ ಬರುತ್ತಾನೆ. ರೋಲಿ ಕಾರಿನಿಂದ ಇಳಿದ. ಹೆಲ್ಮೆಟ್ ಕಿತ್ತ. ಮುಖ ಕೆಂಪಗಿದೆ. ಎಲ್ಲರೂ ಉಸಿರು ಬಿಗಿಹಿಡಿದರೆ ಈ ಮನುಷ್ಯ ಎರಡೂ ಕೈ ಮೇಲೆತ್ತಿ ಕೂಗುತ್ತಾನೆ: "ನೋಡಿದ್ರೇನ್ರೋ ನನ್ನ ಎಂಜಿನ್ನಾ! ನಾನು ಕಟ್ಟಿದ್ದು ಕಣ್ರೋ ಗೆದ್ದಿದ್ದು!"

"ಎಂಜಿನ್ ನಿಮ್ದೇ," ಎಂದು ಡೆಲ್ಲಾ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾಳೆ, "ಬಲಗಾಲು ನಂದು."

ನಗೆಯ ನಡುವೆ ವರ್ನಾ ಬಕೆಟ್ಟಿನಿಂದ ಇಳಿದು, ಶಾಂತವಾಗಿ, "ಕಾರನ್ನ ಒಳಗೆ ತಳ್ಳಿ. ಫ್ಯಾನ್ ಹಾಕಿ. ಎರಡು ಗಂಟೆ ಬಿಟ್ಟು ಅಳೀತೀನಿ" ಎನ್ನುತ್ತಾರೆ. ರೋಲಿಯ ನಗು ಅಲ್ಲೇ ನಿಂತುಬಿಡುತ್ತದೆ.

"ಎರಡು ಗಂಟೆನಾ?" ಎಂದು ಹಾರ್ಲನ್ ತಲೆ ಮೇಲೆ ಕೈ ಹೊರುತ್ತಾನೆ. "ಜನ ಕಾಯ್ತಿದಾರೆ ಮಾರಾಯ್ತಿ! ಈಗ್ಲೇ ಒಂದು ಸಲ ಅಳೆದು ಮುಗಿಸು."

"ನೀನು ಬೇಕಾದ್ರೆ ನನ್ನ ಕೆಲಸ ತೆಗೆದುಹಾಕು ಹಾರ್ಲನ್. ಬಿಸಿ ಎಂಜಿನ್ನಿಗೆ ಮಾತ್ರ ನಾನು ಅಳೆಯೋ ಪಂಪ್ ಹಚ್ಚಲ್ಲ."

ಕುರ್ಚಿ ಎಳೆದು ಎಂಜಿನ್ ಮುಂದೆಯೇ ಕೂತರು. ಯಾರೂ ಮುಟ್ಟುವಂತಿಲ್ಲ. ಸ್ವಲ್ಪ ಹೊತ್ತಿಗೆ ರೋಲಿಯೂ ಪಕ್ಕದಲ್ಲಿ ಬಂದು ಕೂತ. ನಿನ್ನೆ ಡೆಲ್ಲಾಳ ಎಂಜಿನ್ ತಣಿಯುವಾಗ, "ಕಾಯೋದೆಲ್ಲ ನಾಟಕ, ಈಗ್ಲೇ ಅಳೀರಿ" ಎಂದು ಟೇಬಲ್ ಕುಟ್ಟಿದವನು ಇವನೇ. ಇವತ್ತು ಫ್ಯಾನಿನ ಮುಖವನ್ನು ಮೆಲ್ಲಗೆ ಎಂಜಿನ್ ಕಡೆ ಸರಿಮಾಡುತ್ತಾನೆ.

"ವರ್ನಾ, ಅವಸರ ಏನಿಲ್ಲ. ಪೂರ್ತಿ ತಣ್ಣಗಾಗ್ಲಿ."

"ಯಾಕೋ? ಸಿಲಿಂಡರ್ ಎಷ್ಟು ಕೊರೆಸಿದೀಯ?"

"ಮಿತಿಯೊಳಗೇ ಇದೆ." ಆಮೇಲೆ ಸಣ್ಣ ದನಿಯಲ್ಲಿ, "ಕೂದಲೆಳೆಯಷ್ಟು ಒಳಗೆ."

ಮಿತಿ ಮೀರಿದ್ದರೆ ಡೆಲ್ಲಾ ತನ್ನದಲ್ಲದ ತಪ್ಪಿಗೆ ಗೆಲುವು ಕಳೆದುಕೊಳ್ಳುತ್ತಾಳೆ, ರೋಲಿಯ ಮಾನ ಹೋಗುತ್ತದೆ, ಅವನ ಕಡೆಯವರು ಒಂದು, ಅವಳ ಕಡೆಯವರು ಇನ್ನೊಂದು ಅನ್ನುತ್ತಾರೆ. ಹಾರ್ಲನ್ ಕೇಳಲಾರೆ ಅಂದ ರಾದ್ಧಾಂತ ಅದೇ. ಹೊಸ ಎಂಜಿನ್ ತರಲಾಗದ ಹದಿನೇಳು ಕಾರುಗಳ ನಂಬರುಗಳು ವರ್ನಾಗೆ ಬಾಯಿಪಾಠ. ಕೂತಲ್ಲೇ ಒಂದೊಂದಾಗಿ ಅವುಗಳನ್ನು ನೆನೆಯುತ್ತಾರೆ.

ಆಶ್ಚರ್ಯವೆಂದರೆ ಜನ ಹೋಗಿಲ್ಲ. ತಟ್ಟೆ ಹಿಡಿದು ಶೆಡ್ಡಿನ ಬೇಲಿಗೆ ಒರಗಿ ನಿಂತಿದ್ದಾರೆ. ಒಂದು ಎಂಜಿನ್ ತಣ್ಣಗಾಗುವುದನ್ನು ಐನೂರು ಜನ ನಿಂತು ನೋಡುತ್ತಿದ್ದಾರೆ!

ನಾಲ್ಕೂಕಾಲಿಗೆ ವರ್ನಾ ಅಂಗೈಯನ್ನು ಸಿಲಿಂಡರಿನ ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ. ಉಷ್ಣಮಾಪಕವನ್ನೂ ನೋಡುತ್ತಾರೆ. ಸೀಸದ ಮುದ್ರೆ ಹಾಗೇ ಇದೆ ಎಂದು ರೋಲಿಗೂ ಡೆಲ್ಲಾಗೂ ತೋರಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಪಂಪಿನ ಕೊಳವೆ ತೂರಿಸುತ್ತಾರೆ. "ಹಾರ್ಲನ್, ಬಾ ಇಲ್ಲಿ. ನೀನೇ ಓದು."

ಹಾರ್ಲನ್ ಕನ್ನಡಕ ಏರಿಸಿ ಬಗ್ಗುತ್ತಾನೆ. "ಮುನ್ನೂರ ಅರವತ್ತು..."

"ಪೂರ್ತಿ ಓದೋ!" ಎಂದು ಬೇಲಿಯಾಚೆಯಿಂದ ಯಾರೋ ಕಿರುಚುತ್ತಾರೆ.

"ಪಾಯಿಂಟ್ ಎಂಟು!"

ಆ ಕೂಗಿಗೆ ಹೊಲದ ಕಾಗೆಗಳೆಲ್ಲ ಎದ್ದವು. ರೋಲಿ ಡೆಲ್ಲಾಳನ್ನು ಎತ್ತಿಯೇ ಬಿಟ್ಟ. ಅವಳು, "ಇಳಿಸ್ರೀ, ಗ್ರೀಸು, ಗ್ರೀಸು!" ಎಂದು ಬೆನ್ನಿಗೆ ಗುದ್ದುತ್ತಿದ್ದಾಳೆ. ಹಾರ್ಲನ್ ಇನ್ನೊಂದು ಸಲ ಮುಳ್ಳನ್ನು ನೋಡಿ, "ಮುಂದಿನ ವರ್ಷಾನೂ ಇವೇ ಎಂಜಿನ್ನು, ಇದೇ ನಿಯಮ. ನನ್ನನ್ನ ಇನ್ನೇನೂ ಕೇಳ್ಬೇಡಿ" ಎಂದು ಘೋಷಿಸಿ ಕರಿದ ಚೀಸು ಹುಡುಕಿಕೊಂಡು ಹೋದ. ವರ್ನಾ ಮುಖ ಆಚೆ ತಿರುಗಿಸಿ ಕೈ ಒರೆಸುವ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡರು. ಕೆನ್ನೆ ಮೇಲೆ ಮಸಿ ಎಳೆದುಕೊಂಡದ್ದು ಗೊತ್ತೇ ಆಗಲಿಲ್ಲ.

ಕಪ್ಪು ಕೊಟ್ಟಾಯಿತು, ಫೋಟೊ ತೆಗೆದಾಯಿತು. ಫೋಟೊದಲ್ಲಿ ವರ್ನಾ ಇಲ್ಲ. ಅವರು ಶೆಡ್ಡಿನಲ್ಲಿ ಪಂಪ್ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದಾರೆ. ಇಷ್ಟು ವರ್ಷ ದುಡಿದು ನಿಮಗೇನು ಬೇಕೆನಿಸುತ್ತದೆ ಎಂದರೆ ನಕ್ಕುಬಿಡುತ್ತಾರೆ. ಅಷ್ಟರಲ್ಲಿ ಬಾಗಿಲ ಬಳಿ ರೋಲಿಯ ತಲೆ ಕಾಣಿಸುತ್ತದೆ. ಎರಡು ದಿನ, ಎರಡು ಎಂಜಿನ್, ಎರಡರಲ್ಲೂ ಸೋತವನು.

"ವರ್ನಾ, ಮುಂದಿನ ವರ್ಷದ ಪಟ್ಟಿ ಶುರು ಮಾಡಿದೀಯಾ? ನನ್ನ ಹೆಸರು ಮೊದಲು ಬರ್ಕೋ."

ವರ್ನಾ ಬಾಯಲ್ಲಿದ್ದ ಪೆನ್ಸಿಲು ತೆಗೆದು ಬರೆದುಕೊಳ್ಳುತ್ತಾರೆ. ಅವನು ಹೋದ ಮೇಲೆ ಹೇಳುತ್ತಾರೆ: "ಗೆದ್ದೋರು ಹೇಗಿದ್ರೂ ಬರ್ತಾರೆ ಕಣ್ರೀ. ಸೋತೋರು ಮತ್ತೆ ಬರೋ ಹಾಗೆ ಮಾಡೋದು ನನ್ನ ಕೆಲಸ."