ದೈತ್ಯನ ಪಕ್ಕದಲ್ಲೊಂದು ಭೂಪಟ

ಹೋದ ವಾರ ದೆಹಲಿಯ ದ್ವಾರಕಾದ ನಮ್ಮ ಮನೆಯಲ್ಲಿ ಹಳೆಯ ಏರ್ ಕೂಲರ್ ಹಾಕಿದೆ. ಒದ್ದೆ ಲಾವಂಚದ ವಾಸನೆ ಮೂಗಿಗೆ ಬಡಿದದ್ದೇ ತಡ, ಇಂಥದೇ ಕೂಲರ್ ಇದ್ದ ಓಲ್ಡ್ ರಾಜಿಂದರ್ ನಗರದ ಐಎಎಸ್ ಕೋಚಿಂಗ್ ಸೆಂಟರ್ ನೆನಪಾಯಿತು. ಅಲ್ಲಿನ ಸರ್ ನೆನಪಾದರು...

ಇರಾಕ್ ಯುದ್ಧ ಟಿವಿಯಲ್ಲಿ ನಡೆಯುತ್ತಿದ್ದ ಕಾಲ. ನಮಗೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತಿದ್ದ ಸರ್ ಮೈಸೂರಿನ ಕಡೆಯವರು. ಶನಿವಾರ ಮಧ್ಯಾಹ್ನ ಪರದೆ ಎಳೆದು ದೈತ್ಯ ಪ್ರಾಣಿಗಳ ಸಿನಿಮಾ ಹಾಕುತ್ತಿದ್ದರು. ಟಿವಿಯ ಪಕ್ಕದಲ್ಲೇ ಪ್ರಪಂಚದ ಭೂಪಟ. ಕಡಲಿನಿಂದ ದೈತ್ಯ ಎದ್ದು ಬಂದರೆ ಸಿನಿಮಾ ನಿಲ್ಲಿಸಿ, ಆ ಕಡಲಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿ ಅದನ್ನು ಎಬ್ಬಿಸಿದ ದೇಶ ಯಾವುದೆಂದು ಕೋಲಿನಿಂದ ತೋರಿಸುವರು. ದ್ವೀಪದ ಮಹಾವಾನರ ಪರದೇಶದ ನಗರದಲ್ಲಿ ಗುಂಡೇಟಿಗೆ ಸತ್ತರೆ, "ಅದೇನು ತಾನಾಗಿ ಬಂತಾ? ಯಾರ ಹಡಗಲ್ಲಿ ಬಂತು?" ಎನ್ನುವರು. ಸಾಮ್ರಾಜ್ಯಗಳು ತಾವೇ ಭಯ ಹುಟ್ಟಿಸಿ, ಆಮೇಲೆ ತಾವೇ ಕಾಪಾಡಲು ಬರುತ್ತವೆ ಎಂಬುದು ನನ್ನ ತಲೆಗೆ ಹೋದದ್ದು ಹಾಗೆ, ಪುಸ್ತಕ ಓದಿ ಅಲ್ಲ.

ನಾವೋ ಪರೀಕ್ಷೆಯ ಹುಳುಗಳು. ಆ ಕತ್ತಲಲ್ಲೂ ಬರೆದುಕೊಳ್ಳುತ್ತಿದ್ದೆವು: ದೈತ್ಯ—ಕಾರಣಗಳು, ಪರಿಣಾಮಗಳು, ಪರಿಹಾರ! ನನ್ನ ಪಕ್ಕ ಕೂತಿದ್ದ ಬಿಹಾರದ ಹುಡುಗಿ ಅದಕ್ಕೆ ಅಡಿಗೆರೆ ಬೇರೆ ಎಳೆದಿದ್ದಳು. ಸರ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೆಂಟರಿನ ಮಾಲೀಕರಿಗೆ ಮಾತ್ರ ನಗು ಬರಲಿಲ್ಲ. ಇದು ಸಿಲೆಬಸ್ಸಿನಲ್ಲಿಲ್ಲ ಎಂದು ಕೆಲವರು ದೂರಿದ್ದರು. ಪ್ರತಿ ಸಿನಿಮಾಕ್ಕೂ ಪ್ರಶ್ನೋತ್ತರದ ನೋಟ್ಸ್ ಕೊಡಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ನಮ್ಮೆದುರೇ ಹೇಳಿಬಿಟ್ಟರು. ಸರ್‌ಗೆ ಬಾಡಿಗೆ ಮನೆ, ಶಾಲೆಗೆ ಹೋಗುವ ಮಕ್ಕಳು...

ಟೀ ಅಂಗಡಿಯಲ್ಲಿ ನಾನೇ ಬಾಯಿ ಬಿಟ್ಟೆ. "ಸರ್, ಒಂದೆರಡು ಪುಟ ಬರೆದುಕೊಟ್ಟುಬಿಡಿ. ಕೆಲಸ ಉಳಿಯುತ್ತೆ."

"ಭಯ್ಯಾ, ದೋ ಚಾಯ್" ಎಂದು ಹೇಳಿ ನನ್ನ ಕಡೆ ತಿರುಗಿದರು. "ಉತ್ತರಾನೂ ನಾನೇ ಬರ್ಕೊಟ್ರೆ, ನಾಳೆ ನೀವು ಆಫೀಸರ್ ಆದಾಗ ಯಾರನ್ನೋ ತೋರ್ಸಿ 'ಇವನೇ ರಾಕ್ಷಸ' ಅಂದ್ರೆ ಅದನ್ನೂ ಹಾಗೇ ಬರ್ಕೋತೀರಮ್ಮಾ."

ಮುಂದಿನ ತಿಂಗಳಿಂದ ಅವರ ಜಾಗಕ್ಕೆ ಬೇರೊಬ್ಬರು ಬಂದರು. ಅಂಥ ಗಟ್ಟಿ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಹೋದ ಚಳಿಗಾಲದಲ್ಲಿ ಸರ್ ತೀರಿಕೊಂಡರು.

ಈಗ ನಾನೂ ಆಫೀಸರ್. ಮೊನ್ನೆ ರೈಲು ಹಳಿ ಪಕ್ಕದ ಜೋಪಡಿಗಳನ್ನು ಕೆಡವುವ ಕಡತ ಬಂತು. ಅಲ್ಲಿನವರೆಲ್ಲ ಊರಿಗೇ ಅಪಾಯ ಎಂದಷ್ಟೇ ಕಾರಣ ಕೊಟ್ಟಿದ್ದರು. ಕಟ್ಟಡ ಕೆಲಸಕ್ಕೆ ಇವರನ್ನು ಕರೆತಂದವರು ನಾವೇ ಅಲ್ಲವೇ ಎಂದು ಬರೆದು, ಸಹಿ ಹಾಕದೆ ವಾಪಸ್ ಕಳಿಸಿದೆ. ಮೇಲಿನವರು ಕೆಂಡವಾಗಿದ್ದಾರೆ. ನಾಳೆ ಬರಹೇಳಿದ್ದಾರೆ.

ನನಗೆ ಭಯವಾಗುತ್ತಿದೆ. ಆ ದಿನ ಅಷ್ಟು ನಿರಾಳವಾಗಿ ಟೀ ಕುಡಿಯುತ್ತಿದ್ದಾಗ ಅವರಿಗೂ ಒಳಗೊಳಗೇ ಹೀಗೇ ಆಗಿತ್ತೇ ಎಂದು ಕೇಳಬೇಕಿತ್ತು... ಕೇಳೋಣವೆಂದರೆ ಸರ್ ಇಲ್ಲ.