ಕೊನೆ ಗದ್ದೆಗೆ ಮೊದಲ ನೀರು

ನರಸಿಂಹಯ್ಯನವರಿಗೆ ಕ್ರಿಕೆಟ್ ಗೊತ್ತಿರಲಿಲ್ಲ. ಒಂದು ಓವರಿಗೆ ಎಷ್ಟು ಬಾಲು ಎಂದು ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದರು. ಆದರೂ ಚಿಕ್ಕಜಾಲದ ಸುತ್ತಿನ ಎಂಟು ಊರುಗಳ ಸಂಕ್ರಾಂತಿ ಟೂರ್ನಮೆಂಟನ್ನು ಉಳಿಸಿದವರು ಅವರೇ. ಅಂಥದ್ದೊಂದು ಯೋಚನೆ ಅವರ ತಲೆಗೆ ಹೇಗೆ ಹೊಳೆಯಿತು ಎಂದು ನಾನು ಈಗಲೂ ಒಮ್ಮೊಮ್ಮೆ ಕೆದಕಿ ನೋಡುತ್ತೇನೆ.

ಅವರು ಗುಂಡುಪಾಳ್ಯದ ನೀರಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ, ಅಪ್ಪನಿಂದ ಬಂದದ್ದು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಗದ್ದೆಗಳೆಲ್ಲ ಸೈಟುಗಳಾದವು. ಕೆಲಸವಿಲ್ಲದ ನೀರಗಂಟಿ ಏರಿಯ ಮೇಲೆ ಕೂತು, ಒಣಗಿದ ಕೆರೆಯಂಗಳದಲ್ಲಿ ಹುಡುಗರು ಟೆನಿಸ್ ಬಾಲಿನಲ್ಲಿ ಆಡುವುದನ್ನು ನೋಡುತ್ತಿದ್ದರು.

ನನ್ನದು ಯಲಹಂಕದಲ್ಲಿ ಜೆರಾಕ್ಸ್ ಅಂಗಡಿ. ಟೂರ್ನಮೆಂಟಿನ ಕರಪತ್ರ ನನ್ನಲ್ಲೇ ಅಚ್ಚಾಗುತ್ತಿತ್ತು. 2013ರ ಡಿಸೆಂಬರಿನಲ್ಲಿ ಗುಂಡುಪಾಳ್ಯದ ಕ್ಯಾಪ್ಟನ್ ವಾಸು ಬಂದು, "ನಮ್ ಟೀಮ್ ಹೆಸ್ರು ತೆಗೆದ್ಬಿಡಿ ಸಾರ್," ಎಂದ. ಆಗಲೇ ಎರಡು ಊರಿನವರು ಹೆಸರು ತೆಗೆಸಿದ್ದರು. ಜಮೀನು ಮಾರಿ ಬಿಲ್ಡರ್ ಆಗಿದ್ದ ಲಕ್ಕಣ್ಣ, ಮ್ಯಾಚಿಗೆ ಐದೈದು ಸಾವಿರ ಕೊಟ್ಟು ನಾಗಸಂದ್ರ, ಯಶವಂತಪುರದ ಕಡೆಯಿಂದ ಪಳಗಿದ ಆಟಗಾರರನ್ನು ಕರೆಸುತ್ತಿದ್ದರು. ಐದು ವರ್ಷದಿಂದ ಕಪ್ ಅವರ ಟೀಮಿಗೇ. ದುಡ್ಡೇ ದೊಡ್ಡಪ್ಪ ಎನ್ನುವುದು ಸುಮ್ಮನೆಯೇ? ಗುಂಡುಪಾಳ್ಯದಲ್ಲಿ ಆಗ ಇದ್ದದ್ದು ನಲವತ್ತು ಮನೆ, ಎರಡು ಅಂಗಡಿ.

ಪಿಂಚಣಿ ಕಾಗದದ ಜೆರಾಕ್ಸಿಗೆ ಬಂದಿದ್ದ ನರಸಿಂಹಯ್ಯ ಇದನ್ನೆಲ್ಲ ಕೇಳಿಸಿಕೊಂಡರು.

"ಕೊನೆ ಗದ್ದೆ ಒಣಗಿದ್ರೆ ತಪ್ಪು ಗದ್ದೇದಾ?" ಎಂದರು. "ನೀರು ಕಮ್ಮಿ ಇದ್ ವರ್ಷ ನಾವು ಕೊನೆ ಗದ್ದೆಗೇ ಮೊದ್ಲು ಬಿಡ್ತಿದ್ವಿ. ತೂಬಿನ ಪಕ್ಕದೋನು ಎಂಗೋ ಬದುಕ್ಕೊಂತಾನೆ."

ಅವರ ಲೆಕ್ಕ ಸರಳವಾಗಿತ್ತು. ಎಲ್ಲ ಊರಿನ ಅಂಗಡಿಯವರು ಕೊಡುವ ಬ್ಯಾನರ್ ದುಡ್ಡೂ ಒಂದೇ ಹುಂಡಿಗೆ. ಹೊರಗಿನ ಆಟಗಾರರ ಕೂಲಿ ಆ ಹುಂಡಿಯಿಂದಲೇ. ಊರಿಗೆ ಇಬ್ಬರೇ, ಅದರಲ್ಲೂ ಕೊನೆಯ ಊರಿನವರು ಮೊದಲು ಆರಿಸಿಕೊಳ್ಳಬೇಕು. ಲಕ್ಕಣ್ಣ ಒಪ್ಪಲಾರರೆಂದು ನಾನು ಬಾಜಿ ಕಟ್ಟಲೂ ಸಿದ್ಧನಿದ್ದೆ. ಮುದುಕ ನೇರ ಅವರ ಮನೆಗೇ ಹೋಗಿ, "ಎದುರಿಗೆ ಆಡೋರೇ ಇಲ್ದೆ ಕಪ್ ತಗಂಡು ಯಾರಿಗ್ ತೋರಿಸ್ತೀಯಪ್ಪಾ?" ಎಂದು ಕೇಳಿದರಂತೆ. ಲಕ್ಕಣ್ಣ ಕಾಫಿ ತರಿಸಿದರು, ಒಪ್ಪಿಯೂಬಿಟ್ಟರು.

ಒಂದು ತಪ್ಪಾಯಿತು. ಹಿಂದಿನ ವರ್ಷ ಸೋತು ತಳದಲ್ಲಿದ್ದವರೇ ಕೊನೆಯ ಊರು ಎಂದು ಅವರು ಇಟ್ಟುಕೊಂಡಿದ್ದರು. ನೀನು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ನಮ್ಮವರು. ಮರುವರ್ಷ ಕೊನೆಯ ಎರಡು ಟೀಮುಗಳು ಸೋಲಲೆಂದೇ ಆಡಿದವು. ಒಬ್ಬ ತನ್ನ ಬ್ಯಾಟಿನಿಂದಲೇ ತನ್ನ ವಿಕೆಟ್ ಬೀಳಿಸಿಕೊಂಡು ನಗುತ್ತಾ ಹೊರನಡೆದ. ನಾವೂ ನಕ್ಕೆವು. ನರಸಿಂಹಯ್ಯ ನಾಚಿಕೆಯಿಂದ ಎದ್ದುಹೋದರು.

"ಗದ್ದೆ ಯಾವತ್ತೂ ತಾನಾಗೇ ಓಗಿ ಕೊನೇಲಿ ಮಲಗಾಕಿಲ್ಲ," ಎಂದರು ಆಮೇಲೆ. "ಮನುಷ್ಯ ಓಯ್ತಾನೆ."

ಸೋಲು ಗೆಲುವು ಬಿಟ್ಟು ಅವರು ಊರನ್ನೇ ಅಳೆಯಲು ನಿಂತರು. ಪ್ರತಿ ಡಿಸೆಂಬರಿನಲ್ಲಿ ಎಂಟೂ ಊರು ನಡೆದು ಅಂಗಡಿಗಳ ಬೋರ್ಡು ಎಣಿಸಿ, ಪಟ್ಟಿಯನ್ನು ಅಚ್ಚಿಗೆ ನನಗೆ ಕೊಡುವುದು. ಬೋರ್ಡು ಎಲ್ಲಿ ಕಡಿಮೆಯೋ ಅದು ಕೊನೆಯ ಊರು. ಕ್ರಿಕೆಟ್ಟಿಗೋಸ್ಕರ ತನ್ನ ಅಂಗಡಿಯ ಬೋರ್ಡನ್ನು ಯಾರು ಇಳಿಸುತ್ತಾರೆ? ಗುಂಡುಪಾಳ್ಯವೇ ಕೊನೆಯದಾಯಿತು. ವಾಸು ಪ್ರತಿ ವರ್ಷ ನಾಗಸಂದ್ರದ ಒಬ್ಬ ಎಡಗೈ ಬೌಲರನ್ನೇ ಆರಿಸಿಕೊಂಡ. 2017ರ ಫೈನಲ್ಲಿನಲ್ಲಿ ಮೂರೇ ರನ್ನಿಗೆ ಸೋತರು. "ನಾನು ಕಣ್ಮುಚ್ಚೋದ್ರೊಳ್ಗೆ ನಮ್ಮೂರು ಒಂದ್ಸಲ ಗೆಲ್ಲಬೇಕು," ಎಂದು ನರಸಿಂಹಯ್ಯ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ್ದರು.

ಆ ವರ್ಷವೇ ಗುಂಡುಪಾಳ್ಯಕ್ಕೆ ದೊಡ್ಡ ರಸ್ತೆ ಬಂತು, ಅಪಾರ್ಟ್‌ಮೆಂಟ್ ಬಂತು, ಅಂಗಡಿಗಳು ಎದ್ದವು. ಡಿಸೆಂಬರಿನಲ್ಲಿ ಎಣಿಸಿದಾಗ ಗುಂಡುಪಾಳ್ಯಕ್ಕೆ ಹದಿನೆಂಟು, ಪಕ್ಕದ ಕಟ್ಟೆಪಾಳ್ಯಕ್ಕೂ ಹದಿನೆಂಟು. ಸಮ ಬಂದರೆ ಹಿಂದಿನ ವರ್ಷದ ಕ್ರಮವೇ ನಡೆಯುತ್ತಿತ್ತು. ಬೌಲರ್ ವಾಸುವಿಗೇ ಸಿಗುತ್ತಿದ್ದ. ಆದರೆ ನರಸಿಂಹಯ್ಯನವರ ಮಗನೇ ಊರಲ್ಲಿ ಬೇಕರಿ ತೆರೆಯುವವನಿದ್ದ. ಅದರ ಬೋರ್ಡು ಇನ್ನೂ ಗೋಡೆಗೆ ಒರಗಿಕೊಂಡಿತ್ತು.

"ತಾತ, ಅದಿನ್ನೂ ಮೇಲೆ ಹೋಗಿಲ್ಲ. ಈ ಒಂದ್ ವರ್ಷ ಬಿಟ್ಬಿಡಿ," ಎಂದು ವಾಸು ನನ್ನ ಅಂಗಡಿಯಲ್ಲೇ ಬೇಡಿಕೊಂಡ. ನಾನೂ ದನಿಗೂಡಿಸಿದೆ. ನನಗೇನೂ ತಪ್ಪು ಅನ್ನಿಸಲಿಲ್ಲ.

"ಒರಗಿದ್ರೂ ಓದಕ್ಕಾಯ್ತದಲ್ಲ," ಎಂದ ನರಸಿಂಹಯ್ಯ ನನ್ನ ಕಡೆ ತಿರುಗಿದರು. "ಅತ್ತೊಂಬತ್ತು ಅಂತ ಆಕಪ್ಪ."

ಬೌಲರ್ ಕಟ್ಟೆಪಾಳ್ಯಕ್ಕೆ ಹೋದ. ಫೈನಲ್ಲಿನಲ್ಲಿ ಗುಂಡುಪಾಳ್ಯದ ಐದು ವಿಕೆಟ್ ಕಿತ್ತವನು ಅವನೇ, ಕೊನೆಯದು ವಾಸುವಿನದು. ಏರಿಯ ಮೇಲೆ ಮುದುಕ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಯ್ಯೋ ಎನ್ನಿಸಿತು, ಅಷ್ಟೇ ಸಿಟ್ಟೂ ಬಂತು. ವಾಸು ಆ ವರ್ಷವಿಡೀ ಅವರನ್ನು ಮಾತಾಡಿಸಲಿಲ್ಲ.

ಮುಂದಿನ ಡಿಸೆಂಬರಿಗೆ ನರಸಿಂಹಯ್ಯ ಮಂಡಿ ಸೋತು ಹಾಸಿಗೆ ಹಿಡಿದಿದ್ದರು. ಈ ಸಲ ಪಟ್ಟಿ ಬರುವುದಿಲ್ಲವೆಂದೇ ನಾನು ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ವಾಸು ಬಂದು ನೋಟ್‌ಬುಕ್ಕಿನ ಹಾಳೆಯೊಂದನ್ನು ಕೌಂಟರಿನ ಮೇಲಿಟ್ಟ. ಎಂಟೂ ಊರು ತಾನೇ ನಡೆದು ಎಣಿಸಿದ್ದ. ಮೊದಲ ಸಾಲಿನಲ್ಲೇ ಗುಂಡುಪಾಳ್ಯ, ಇಪ್ಪತ್ತಾರು. ಹಿಂದಿನ ದಿನ ಆ ದಾರಿಯಲ್ಲಿ ಹೋಗುತ್ತಾ ನಾನೂ ಎಣಿಸಿದ್ದೆ, ಇಪ್ಪತ್ತನಾಲ್ಕೇ ಇದ್ದವು.

"ನಿಮ್ಮೂರಿಗೆ ಎರಡು ಜಾಸ್ತಿ ಬರ್ದಿದ್ದೀಯಲ್ಲೋ," ಎಂದೆ.

"ಎರಡು ಪೇಂಟರ್ ಹತ್ರ ಒಣಗ್ತಾ ಇವೆ ಸಾರ್," ಎಂದ ವಾಸು. "ಅವನ್ನೂ ಸೇರಿಸ್ದೆ."